ಸ್ಕಿಲ್ ಶೀಟಿನಲ್ಲಿ ನಾನು ಹಾಕದೇ ಬಿಟ್ಟ ಕಾಲಂ

ಹೊಸದಾಗಿ ಐಟಿ ಕೆಲಸಕ್ಕೆ ಸೇರಿದ ನಮ್ಮವರ ಮಕ್ಕಳು ಎಲ್ಲರೂ ಮನೆಯಿಂದ ಅಡುಗೆ ತಂದು ಸೇರುವ ಯಾವುದಾದರೂ ಪಾಟ್‌ಲಕ್‌ನಲ್ಲಿ ಸಿಕ್ಕರೆ ತಪ್ಪದೆ ಕೇಳುವುದು ಒಂದೇ ಪ್ರಶ್ನೆ. "ಆಂಟಿ, ಈಗ ಯಾವ್ ಟೆಕ್ನಾಲಜಿ ಕಲಿತ್ರೆ ಸೇಫು?" ನಾನು ರಿಟೈರ್ ಆಗಿ ಕೆಲವು ವರ್ಷಗಳಾದವು. ನನಗೆ ಗೊತ್ತಿದ್ದ ಟೆಕ್ನಾಲಜಿಗಳು ನನಗಿಂತ ಮೊದಲೇ ರಿಟೈರ್ ಆದವು. ಹಾಗಾಗಿ, "ನಿಮ್ಮ ಕಂಪನಿ ಏನು ಮಾರುತ್ತೆ, ಯಾರಿಗೆ ಮಾರುತ್ತೆ, ಅದು ಗೊತ್ತಾ?" ಎಂದು ತಿರುಗಿ ಕೇಳುತ್ತೇನೆ. ಹೆಚ್ಚಿನವರು ನಕ್ಕು ಪ್ಲೇಟು ಹಿಡಿದು ಬಿಸಿಬೇಳೆಬಾತಿನ ಕಡೆ ನಡೆದುಬಿಡುತ್ತಾರೆ. ನಿಂತು ಕೇಳುವವರಿಗೂ ನಾಲ್ಕು ಮಾತಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ ಅದು. ಅದಕ್ಕೇ ಬರೆದಿಡುತ್ತಿದ್ದೇನೆ.

ಬಾಥೆಲ್ ಎಂಬ ಅಮೆರಿಕನ್ ಪಟ್ಟಣದ ಕ್ಯಾನ್ಯನ್ ಪಾರ್ಕ್‌ ಬಡಾವಣೆಯಲ್ಲಿ ನಮ್ಮ ಕಂಪನಿ ಇತ್ತು. ಆಸ್ಪತ್ರೆಯ ಲ್ಯಾಬುಗಳಲ್ಲಿ ರಕ್ತದ ಸ್ಯಾಂಪಲ್ ಪರೀಕ್ಷೆ ಮಾಡುವ ಯಂತ್ರಗಳನ್ನು ತಯಾರಿಸುತ್ತಿದ್ದೆವು. ಎರಡನೇ ಮಹಡಿಯಲ್ಲಿ ನಲವತ್ತು ಜನರ ಐಟಿ ವಿಭಾಗ. ಕೆಳಗೆ, ಕಟ್ಟಡದ ಹಿಂಭಾಗದಲ್ಲಿ, ಬಿಡಿಭಾಗಗಳ ವೇರ್‌ಹೌಸ್. ನಾನು ಪ್ರೋಗ್ರಾಮರ್ ಆಗಿ ಸೇರಿದವಳು. ಕೊನೆಯ ಏಳೆಂಟು ವರ್ಷ, ಅಂದರೆ ಕಳೆದ ದಶಕದಲ್ಲಿ, ನನಗೆ ಬೇರೆಯೇ ಒಂದು ಕೆಲಸ ಕೊಟ್ಟರು. ಯಾರಿಗೆ ಏನೇನು ಬರುತ್ತದೆ ಎಂದು ತಿಳಿದುಕೊಂಡು, ಕಂಪನಿಯ ಆ ವರ್ಷದ ಗುರಿಗೆ ಅದು ಹೊಂದುತ್ತದೆಯೇ ಎಂದು ನೋಡುವುದು. ಹೊಂದದಿದ್ದರೆ ಟ್ರೇನಿಂಗ್ ಕೊಡಿಸುವುದು. ಮೈಸೂರಿನ ಅಕ್ಕನಿಗೆ ಫೋನಿನಲ್ಲಿ ಅರ್ಧ ಗಂಟೆ ವಿವರಿಸಿದ ಮೇಲೆ ಅವಳು, "ಅಂದ್ರೆ ಅಟೆಂಡೆನ್ಸ್ ತಗೊಳೋ ಕೆಲ್ಸ ಅನ್ನು," ಎಂದಳು. ಆಗ ಬೇಜಾರಾಗಿತ್ತು. ಈಗ ಯೋಚಿಸಿದರೆ ಅವಳು ಹೇಳಿದ್ದು ಪೂರ್ತಿ ತಪ್ಪೇನಲ್ಲ.

ನನ್ನ ಆಯುಧ ಒಂದು ಸ್ಪ್ರೆಡ್‌ಶೀಟ್. ಎಡಗಡೆ ನಲವತ್ತು ಹೆಸರು, ಮೇಲುಗಡೆ ಸಾಲಾಗಿ ಟೆಕ್ನಾಲಜಿಗಳ ಹೆಸರು. ಪ್ರತಿಯೊಬ್ಬರೂ ತಮಗೆ ತಾವೇ ಒಂದರಿಂದ ಐದರವರೆಗೆ ಅಂಕ ಹಾಕಿಕೊಳ್ಳಬೇಕು. ಒಂದು, ಎರಡು ಹಾಕಿದರೆ ಆ ಚೌಕ ಕೆಂಪಾಗುತ್ತದೆ. ಮೂರಕ್ಕೆ ಹಳದಿ. ನಾಲ್ಕು, ಐದಕ್ಕೆ ಹಸಿರು. ಬಣ್ಣದ ಐಡಿಯಾ ನಮ್ಮ ಡೈರೆಕ್ಟರ್ ಡಯಾನ್ ಅವರದು. ಡಯಾನ್ ಮಳೆಯಲ್ಲೂ ಛತ್ರಿ ಹಿಡಿಯದೆ ಪಾರ್ಕಿಂಗ್ ಲಾಟ್ ದಾಟುವ ಹೆಂಗಸು. ಮೀಟಿಂಗಿಗೆ ಒಂದು ನಿಮಿಷ ತಡವಾದವರಿಗೆ ಬಾಗಿಲು ಮುಚ್ಚಿಬಿಡುವವರು. ಒಂದು ಪ್ಯಾರಾ ಬರೆದು ಕಳಿಸಿದರೆ ಓದುತ್ತಿರಲಿಲ್ಲ. ಬಣ್ಣವಾದರೆ ಕೋಣೆಯ ಆ ತುದಿಯಿಂದಲೇ ಓದಿಬಿಡುತ್ತಿದ್ದರು.

ಆ ಶೀಟ್ ನಂಬಿ ನಾನು ಮಾಡಿದ ಮೊದಲ ಎಡವಟ್ಟು ಹೇಳಿಬಿಡುತ್ತೇನೆ. ಒಂದು ವರ್ಷ 'ಮೊಬೈಲ್' ಎಂಬ ಕಾಲಂ ಪೂರ್ತಿ ಕೆಂಪಾಗಿ ಕಂಡಿತು. ಊರಿಗೆಲ್ಲ ಆ್ಯಪ್ ಹುಚ್ಚು ಹಿಡಿದಿದ್ದ ಕಾಲ. ಹತ್ತು ಹನ್ನೆರಡು ಜನಕ್ಕೆ ಮೂರು ತಿಂಗಳು ಟ್ರೇನಿಂಗ್ ಕೊಡಿಸಿದೆ. ಅವರು ಸೇರಿ, ಆಸ್ಪತ್ರೆಗೆ ಹೋಗಿ ಯಂತ್ರ ರಿಪೇರಿ ಮಾಡುವ ನಮ್ಮ ಟೆಕ್ನಿಷಿಯನ್‌ಗಳಿಗೆಂದು ಬಹಳ ಅಂದದ ಒಂದು ಆ್ಯಪ್ ಮಾಡಿದರು. ತಿಂಗಳ ನಂತರ ಒಬ್ಬ ಹಿರಿಯ ಟೆಕ್ನಿಷಿಯನ್‌ನನ್ನು ಹೇಗಿದೆ ಎಂದು ಕೇಳಿದೆ. "ಚೆನ್ನಾಗಿದೆ. ಕಾರಿನಲ್ಲಿ ಕೂತು ನೋಡ್ತೀನಿ," ಎಂದ. ಲ್ಯಾಬುಗಳು ಹೆಚ್ಚಾಗಿ ಆಸ್ಪತ್ರೆಯ ಬೇಸ್‌ಮೆಂಟಿನಲ್ಲಿರುತ್ತವೆ. ಅಲ್ಲಿ ಸಿಗ್ನಲ್ ಇಲ್ಲ. ಇದು ಒಬ್ಬರನ್ನು ಕೇಳಿದ್ದರೂ ಗೊತ್ತಾಗುತ್ತಿತ್ತು. ನಾವು ಕೇಳಿರಲಿಲ್ಲ. ಆದರೆ ಶೀಟಿನಲ್ಲಿ ಆ ಕಾಲಂ ಹಸಿರಾಯಿತು, ಡಯಾನ್ ನನ್ನನ್ನು ಮೀಟಿಂಗಿನಲ್ಲಿ ಹೊಗಳಿದರು. ನಾನೂ ಸುಮ್ಮನೆ ಹೊಗಳಿಸಿಕೊಂಡೆ.

ಎರಡನೆಯ ತಪ್ಪು ಅಂಕ ಹಾಕಿಕೊಳ್ಳುವ ರೀತಿಯಲ್ಲೇ ಇತ್ತು. ಬೆಂಗಳೂರಿನಿಂದ ಬಂದಿದ್ದ ಶ್ರೇಯಸ್ ಎಂಬ ಹುಡುಗ ಎಲ್ಲ ಕಾಲಮಿಗೂ ಐದೈದು ತುಂಬಿದ್ದ. ಕರೆದು ಕೇಳಿದೆ.

"ಏನಪ್ಪಾ ಇದು? ಈ ಟೂಲು ಕಂಪನಿಗೆ ಬಂದೇ ಎರಡು ವಾರ ಆಯ್ತು. ಅದಕ್ಕೂ ಐದಾ?"

"ವೀಕೆಂಡಲ್ಲಿ ವಿಡಿಯೋ ನೋಡಿದೀನಿ ಮೇಡಂ. ಕಾನ್ಸೆಪ್ಟ್ ಕ್ಲಿಯರ್ ಇದೆ."

"ಹಾಗಾದ್ರೆ ನಾಲ್ಕು ಹಾಕು."

"ನಾಲ್ಕು ಅಂದ್ರೆ ಡಿಸ್ಟಿಂಕ್ಷನ್ ಮೇಡಂ, ರ್‍ಯಾಂಕ್ ಅಲ್ಲ. ನಮ್ಮಪ್ಪ ಕೇಳಿದ್ರೆ ಬೈತಾರೆ." ನನ್ನನ್ನೂ ನಗಿಸಿ, ಐದನ್ನೇ ಉಳಿಸಿಕೊಂಡು ಹೋದ.

ಮೈಸೂರು ಕಡೆಯ ನಾಗರಾಜ ಇದಕ್ಕೆ ತದ್ವಿರುದ್ಧ. ಎಲ್ಲಕ್ಕೂ ಎರಡು. ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದ ಗ್ರೆಗ್, ಇಲ್ಲೇ ಪಕ್ಕದ ಎವರೆಟ್ ಊರಿನವರು, ಅರವತ್ತರ ಹತ್ತಿರದ ವಯಸ್ಸು. ಅವರು ಎಲ್ಲಕ್ಕೂ ಮೂರು ಹಾಕಿ ಕಳಿಸಿ, ಕೆಲಸಕ್ಕೆ ಕೂರುತ್ತಿದ್ದರು. ಮೂರೂ ಬಗೆಯ ಜನರ ಅಂಕಗಳನ್ನು ನಾನು ಒಂದೇ ತಕ್ಕಡಿಯಲ್ಲಿ ಹಾಕಿ ಕೂಡಿಸುತ್ತಿದ್ದೆ. ಕಾನ್ವೆಂಟಿನಲ್ಲಿ ಓದಿದ ನನಗೆ ಇದು ಹೊಳೆಯಬೇಕಿತ್ತು. ನಮ್ಮ ಸಿಸ್ಟರ್ ಒಬ್ಬರು, ಕ್ಲಾಸಿನಲ್ಲಿ ತಾನೇ ಕೈಯೆತ್ತಿ "ನನಗೆ ಗೊತ್ತು" ಎಂದ ಹುಡುಗಿಯನ್ನು ಕೊನೆಗೆ ಕೇಳುತ್ತಿದ್ದರು. ತನ್ನ ಬಾಯಿಂದ ತನ್ನ ಹೊಗಳಿಕೆ ಅಸಹ್ಯ ಎಂದೇ ಬೆಳೆದವಳು ನಾನು. ಆದರೂ ಶೀಟಿಗೆ 'ಆಬ್ಜೆಕ್ಟಿವ್', ಅಂದರೆ ಪಕ್ಷಪಾತವಿಲ್ಲದ್ದು, ಎಂದು ಹೆಸರಿಟ್ಟಿದ್ದೆವು, ಹೆಸರಿಟ್ಟ ಮೇಲೆ ಅನುಮಾನ ಪಡುವುದನ್ನು ನಿಲ್ಲಿಸಿದ್ದೆವು.

ಹೀಗಿರುವಾಗ ಕಂಪನಿಯ ಒಡೆತನ ಬದಲಾಯಿತು. ಹೊಸ ಒಡೆಯರು ಆ ವರ್ಷಕ್ಕೆ ಒಂದೇ ಗುರಿ ಕೊಟ್ಟರು: ಯಾವ ಆಸ್ಪತ್ರೆಯಲ್ಲಿ ಯಂತ್ರ ಕೆಟ್ಟರೂ ಬಿಡಿಭಾಗ ಮಾರನೇ ಬೆಳಿಗ್ಗೆ ಅಲ್ಲಿರಬೇಕು. ಜೊತೆಗೆ ಒಂದು ಆಜ್ಞೆ: ಐಟಿಯಲ್ಲಿ ಏಳು ಜನ ಕಮ್ಮಿಯಾಗಬೇಕು. ಡಯಾನ್ ನನ್ನನ್ನು ಕರೆದು, "ವ್ಯಾಟ್, ನಿಮ್ಮ ಶೀಟನ್ನು ಟೋಟಲ್ ಪ್ರಕಾರ ಸಾರ್ಟ್ ಮಾಡಿ ಕೊಡಿ," ಎಂದರು. ವತ್ಸಲಾ ಎಂಬ ನನ್ನ ಹೆಸರನ್ನು ಆಫೀಸು ಅಷ್ಟಕ್ಕೆ ಇಳಿಸಿತ್ತು. ಸಾರ್ಟ್ ಮಾಡಿದೆ. ಒಂದು ಬಟನ್ ಒತ್ತುವ ಕೆಲಸ. ಎಲ್ಲರಿಗಿಂತ ಕೆಳಗೆ ನಾಗರಾಜನ ಹೆಸರು ಬಂದು ನಿಂತಿತು.

ಆ ಏಳು ಹೆಸರುಗಳ ಮುಂದೆ ನಾನು ಒಂದೊಂದು ವಾಕ್ಯ ಬರೆಯಬೇಕಿತ್ತು: ಇವರ ಕೌಶಲ ಕಂಪನಿಯ ಗುರಿಗೆ ಏಕೆ ಹೊಂದುತ್ತಿಲ್ಲ ಎಂದು. ಆರು ಜನರಿಗೆ ಹೇಗೋ ಬರೆದೆ. ನಾಗರಾಜನ ಮುಂದೆ ಏನು ಬರೆಯುವುದು? ಬಿಡಿಭಾಗ ಆರ್ಡರ್ ಮಾಡುವ ಹಳೆಯ ಪ್ರೋಗ್ರಾಂ ನೋಡಿಕೊಳ್ಳುತ್ತಾನೆ ಎನ್ನುವುದು ಬಿಟ್ಟರೆ ಅವನು ದಿನವಿಡೀ ಏನು ಮಾಡುತ್ತಾನೆ ಎಂದು ನನಗೆ ತಿಳಿದಿರಲಿಲ್ಲ. ಊಟದ ಹೊತ್ತಿಗೆ ಮೈಕ್ರೋವೇವ್ ಹತ್ತಿರ ಸಿಕ್ಕ.

"ಏನ್ರೀ ನಾಗರಾಜ್, ಮಧ್ಯಾಹ್ನ ಹೊತ್ತು ಸೀಟಲ್ಲಿ ಕಾಣೋದೇ ಇಲ್ವಲ್ಲ?"

"ಕೆಳಗಿರ್ತೀನಿ ಮೇಡಂ. ಲೂಪೆ ಹತ್ರ."

"ಯಾವ ಲೂಪೆ?"

"ವೇರ್‌ಹೌಸ್ ಲೂಪೆ ಮೇಡಂ. ಪ್ಯಾಕಿಂಗ್ ಎಲ್ಲಾ ಅವ್ರೇ ನೋಡ್ಕೊಳೋದು." ನಾನು ಹತ್ತು ವರ್ಷಕ್ಕೂ ಮೇಲೆ ಅದೇ ಕಟ್ಟಡದಲ್ಲಿದ್ದೆ. ಆ ಹೆಸರು ಕೇಳಿದ್ದು ಅಂದೇ ಮೊದಲು. "ಬರ್ತೀರಾ? ತೋರಿಸ್ತೀನಿ," ಎಂದ. ಡಬ್ಬಿ ಮುಚ್ಚಿಟ್ಟು ಅವನ ಹಿಂದೆ ಮೆಟ್ಟಿಲಿಳಿದೆ.

ಲೂಪೆ ಗಿಡ್ಡಗೆ, ಗಟ್ಟಿಮುಟ್ಟಾಗಿದ್ದ ಹೆಂಗಸು. ಕಿವಿಯ ಹಿಂದೆ ಪೆನ್ಸಿಲ್ ಸಿಕ್ಕಿಸಿಕೊಂಡು ಟೇಪ್ ಹರಿಯುತ್ತಿದ್ದಳು. ನನ್ನ ಬ್ಯಾಡ್ಜ್ ನೋಡಿ ಇಂಗ್ಲಿಷಿನಲ್ಲಿ, "ಐಟಿಯವರಾ? ದಾರಿ ತಪ್ಪಿ ಬಂದ್ರಾ? ಮೇಲಿಂದ ಇಲ್ಲಿಗೆ ಇಳಿದು ಬರೋನು ಈ ನಾಗ್ ಒಬ್ಬನೇ," ಎಂದಳು. ಆಮೇಲೆ ತನ್ನ ಕೈಲಿದ್ದ ಚೀಟಿ ತೋರಿಸಿದಳು. ಆಸ್ಪತ್ರೆಯ ಆರ್ಡರ್ ಬಂದಾಗ ಯಾವ ಯಾವ ಭಾಗ ತೆಗೆಯಬೇಕು ಎಂದು ಪ್ರೋಗ್ರಾಂ ಮುದ್ರಿಸುವ ಚೀಟಿ ಅದು. ಮೊದಲು ಭಾಗಗಳ ನಂಬರಿನ ಕ್ರಮದಲ್ಲಿ ಬರುತ್ತಿತ್ತಂತೆ. ಅವಳ ಜನ ಈ ಕಪಾಟಿನಿಂದ ಆ ಕಪಾಟಿಗೆ ಓಡಾಡಿ ಸುಸ್ತಾಗುತ್ತಿದ್ದರಂತೆ. ನಾಗರಾಜ ಒಂದು ವಾರ ಅವರ ಜೊತೆ ನಡೆದು, ಕಪಾಟುಗಳಿರುವ ಕ್ರಮದಲ್ಲೇ ಚೀಟಿ ಬರುವ ಹಾಗೆ ಮಾಡಿದ.

"ಅದಿರಲಿ. ಚಳಿಗಾಲದ್ದು ಕೇಳಿ," ಎಂದಳು ಲೂಪೆ. ಹಿಮ ಬಿದ್ದು ಕ್ಯಾಸ್ಕೇಡ್ ಬೆಟ್ಟಗಳ ಘಾಟಿ ರಸ್ತೆ ಮುಚ್ಚಿದರೆ ಆಚೆಗಿನ ಆಸ್ಪತ್ರೆಗಳಿಗೆ ಹೋಗುವ ಟ್ರಕ್ಕು ನಡುದಾರಿಯಲ್ಲಿ ನಿಂತುಬಿಡುತ್ತದೆ. ಹಿಮ ಬೀಳುವ ಸೂಚನೆ ಇದ್ದ ದಿನ ಬೆಟ್ಟದಾಚೆಯ ಆರ್ಡರುಗಳೆಲ್ಲ ಮೊದಲು ಮೇಲೆ ಬರುವಂತೆ, ಮಧ್ಯಾಹ್ನದ ಟ್ರಕ್ಕಿಗೇ ಹತ್ತುವಂತೆ ನಾಗರಾಜ ಒಂದು ಸಣ್ಣ ಬದಲಾವಣೆ ಮಾಡಿದ್ದ. ಯಾರೂ ಮಾಡು ಅಂದಿರಲಿಲ್ಲ. ಹೊಸ ಒಡೆಯರ ಗುರಿಯನ್ನು ಅವರು ಹೇಳುವ ಮೊದಲೇ ಒಬ್ಬ ಮಾಡಿ ಮುಗಿಸಿದ್ದ. ನನ್ನ ಶೀಟಿನಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ. ಕಾಲಂಗಳನ್ನು ಆರಿಸಿದ್ದು ನಾನು, ಮೇಲಿನ ಮಹಡಿಯ ನಾಲ್ಕು ಜನ ಸಾಫ್ಟ್‌ವೇರ್ ಆರ್ಕಿಟೆಕ್ಟ್‌ಗಳನ್ನು ಕೇಳಿ.

ಹಿಂದಿರುಗುವಾಗ ಮೆಟ್ಟಿಲಿನ ನಡುವೆ ನಿಂತು ಕೇಳಿದೆ. "ಇಷ್ಟೆಲ್ಲಾ ಮಾಡಿ ಎಲ್ಲದಕ್ಕೂ ಎರಡು ಅಂತ ಯಾಕ್ರೀ ಹಾಕಿದ್ರಿ?"

ಅವನಿಗೆ ಸಂಕೋಚವಾಯಿತು. "ಮಾರ್ಕ್ಸ್ ಹಾಕೋದು ಮೇಷ್ಟ್ರ ಕೆಲ್ಸ ಅಲ್ವಾ ಮೇಡಂ? ನಮಗೆ ನಾವೇ ಹೇಗ್ ಹಾಕ್ಕೊಳೋದು? ಕಮ್ಮಿ ಹಾಕಿದ್ರೆ ನೀವೇ ನೋಡಿ ಜಾಸ್ತಿ ಮಾಡ್ತೀರಿ ಅಂದ್ಕೊಂಡೆ."

ಆಮೇಲೆ ಅವನೇ ದನಿ ತಗ್ಗಿಸಿ ಕೇಳಿದ. "ಮೇಡಂ, ಏನೋ ಲಿಸ್ಟ್ ಆಗ್ತಿದೆಯಂತೆ. ನನ್ ಹೆಸ್ರು ಇದ್ಯಾ?"

"ಅದನ್ನ ನಾನು ಹೇಳೋ ಹಾಗಿಲ್ಲ ನಾಗರಾಜ್."

"ಸರಿ ಮೇಡಂ. ಹೇಳ್ಬೇಡಿ." ರೇಲಿಂಗ್ ಹಿಡಿದು ಇನ್ನೊಂದು ಮೆಟ್ಟಿಲು ಹತ್ತಿದ. "ಗ್ರೀನ್ ಕಾರ್ಡ್ ಲೈನಲ್ಲಿ ಎಷ್ಟೋ ವರ್ಷದಿಂದ ನಿಂತಿದೀನಿ. ಕೆಲ್ಸ ಹೋದ್ರೆ ಎರಡು ತಿಂಗಳಲ್ಲಿ ಇನ್ನೊಂದು ಸಿಗ್ಬೇಕು, ಇಲ್ಲಾಂದ್ರೆ ಗಂಟುಮೂಟೆ ಕಟ್ಬೇಕು. ನಮಗೇನು, ಹೋಗ್ತೀವಿ. ಮಗಳಿಗೆ ಕನ್ನಡ ಅರ್ಥ ಆಗತ್ತೆ, ಓದಕ್ಕೆ ಬರಲ್ಲ. ಅವಳನ್ನ ಅಲ್ಲಿ ಆರನೇ ಕ್ಲಾಸಿಗೆ ಹೇಗ್ ಸೇರ್ಸೋದು ಅನ್ನೋದೇ ಯೋಚ್ನೆ."

ಆ ದಿನವೇ ಡಯಾನ್ ಅವರ ಕೋಣೆಗೆ ಹೋದೆ. ನನ್ನ ಶೀಟ್ ತಪ್ಪಾಗಿದೆ ಎಂದೆ.

"ಎಲ್ಲಿ ತಪ್ಪು?"

"ಕಾಲಂಗಳಲ್ಲಿ. ನಮ್ಮ ಗುರಿಗೆ ಬೇಕಾದ ಕಾಲಮೇ ಅದರಲ್ಲಿಲ್ಲ."

"ಅದನ್ನು ಮಾಡಿದ್ದು ನೀವೇ."

"ಹೌದು."

ಲೂಪೆ ತೋರಿಸಿದ ಚೀಟಿಯನ್ನು ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ಡಯಾನ್ ಪೂರ್ತಿ ಕೇಳಿದರು. ಅದು ಅವರ ಒಳ್ಳೆಯ ಗುಣ; ಬಾಗಿಲು ಮುಚ್ಚುವ ಮೊದಲು ಒಳಗೆ ಬಂದವರ ಮಾತನ್ನು ಕೇಳುತ್ತಿದ್ದರು. ಕೊನೆಗೆ, "ನಾಗ್ ಇರಲಿ, ಒಪ್ಪಿದೆ," ಎಂದರು. ನಾನು ಏಳಲು ಹೊರಟೆ. "ಕೂತ್ಕೊಳ್ಳಿ ವ್ಯಾಟ್. ಅವರಿಗೆ ಏಳು ಹೆಸರು ಬೇಕು, ಆರಲ್ಲ. ಒಂದನ್ನು ತೆಗೆದರೆ ಇನ್ನೊಂದನ್ನು ಕೊಡಬೇಕು. ನಾಳೆ ಮಧ್ಯಾಹ್ನದೊಳಗೆ ಹೇಳಿ."

ನನ್ನ ಜಾಗಕ್ಕೆ ಹೋಗಿ ಮತ್ತೆ ಶೀಟ್ ತೆರೆದೆ. ಕೆಳಗಿನಿಂದ ಎಂಟನೆಯ ಹೆಸರು ಗ್ರೆಗ್. ಎಲ್ಲ ಚೌಕವೂ ಹಳದಿ. ಗ್ರೆಗ್ ಕೂರುತ್ತಿದ್ದುದು ನಾಗರಾಜನ ಪಕ್ಕದ ಸೀಟಿನಲ್ಲಿ, ನನ್ನ ಡೆಸ್ಕಿನಿಂದ ಹದಿನೈದು ಹೆಜ್ಜೆ. ಮೋಡವಿಲ್ಲದ ದಿನ ಬೆಳಿಗ್ಗೆ ಬರುವಾಗ, "ಇವತ್ತು ಬೆಟ್ಟ ಕಾಣಿಸ್ತಿದೆ, ನೋಡಿದ್ರಾ?" ಎಂದು ಒಂದು ಮಾತು ಹೇಳಿ ಹೋಗುವರು. ನಮ್ಮಿಬ್ಬರ ನಡುವೆ ಅಷ್ಟೇ ಮಾತು. ನಾನು ಲೆಕ್ಕಹಾಕಿದೆ. ಇವರು ಇಲ್ಲಿಯವರೇ, ಯಾರೂ ದೇಶ ಬಿಡು ಅನ್ನುವುದಿಲ್ಲ, ಮಕ್ಕಳು ದೊಡ್ಡವರಾಗಿದ್ದಾರೆ, ಹೇಗೂ ಇನ್ನು ಕೆಲವು ವರ್ಷಕ್ಕೆ ರಿಟೈರ್ ಆಗುವವರು. ಈ ಲೆಕ್ಕದಲ್ಲಿ ಸುಳ್ಳೇನೂ ಇರಲಿಲ್ಲ. ಸಂಜೆ ಮನೆಗೆ ಹೊರಡುವ ಮೊದಲೇ ಡಯಾನ್ ಅವರಿಗೆ ಹೆಸರು ಕಳಿಸಿದೆ. ಮಾರನೇ ದಿನದವರೆಗೆ ಸಮಯವಿತ್ತು. ಆದರೂ ಅಂದೇ ಕಳಿಸಿದೆ.

ಗ್ರೆಗ್ ಅವರ ಮುಂದಿನ ಖಾಲಿ ಜಾಗದಲ್ಲಿ ಬರೆದ ವಾಕ್ಯ ನನಗೆ ಈಗಲೂ ಬಾಯಿಪಾಠ: ಕೌಶಲಗಳು ಸಾಧಾರಣ, ಗುರಿಯೊಂದಿಗೆ ನೇರ ಸಂಬಂಧ ಕಾಣುವುದಿಲ್ಲ. ಕಾನ್ವೆಂಟಿನಲ್ಲಿ ಕಲಿಸಿದ ನೀಟಾದ ಇಂಗ್ಲಿಷಿನಲ್ಲಿ ಬರೆದಿದ್ದೆ.

ಹೊರಡುವ ದಿನ ಗ್ರೆಗ್ ಒಂದು ರಟ್ಟಿನ ಪೆಟ್ಟಿಗೆ ಹಿಡಿದು ಎಲ್ಲರ ಕೈಕುಲುಕಿ ಹೋದರು. ನಾಗರಾಜನಿಗೆ ತನ್ನ ಹೆಸರು ಇರಲಿಲ್ಲ ಎನ್ನುವುದಷ್ಟೇ ತಿಳಿಯಿತು. ವಾರದ ಕೊನೆಗೆ ಅವನ ಹೆಂಡತಿ ಮಾಡಿದ ಮೈಸೂರುಪಾಕ್ ತಂದುಕೊಟ್ಟು, "ಮೇಡಂ, ನಿಮ್ಮ ಋಣ," ಎಂದ. "ಋಣ ಗಿಣ ಏನೂ ಬೇಡ, ಹೋಗಿ ಕೆಲ್ಸ ನೋಡ್ರಿ," ಎಂದು ಗದರಿಸಿದೆ. ಮನಸ್ಸಿನೊಳಗೆ, ಒಂದು ತಪ್ಪು ತಿದ್ದಿದೆ ಎಂಬ ಸಮಾಧಾನವಿತ್ತು.

ಅದು ಹೆಚ್ಚು ದಿನ ಉಳಿಯಲಿಲ್ಲ. ಮುಂದಿನ ತಿಂಗಳು, ಆಸ್ಪತ್ರೆಗಳ ಯಂತ್ರಗಳಿಂದ ರಿಪೋರ್ಟುಗಳನ್ನು ಡಾಕ್ಟರುಗಳಿಗೆ ದಾಟಿಸುವ ನಮ್ಮ ಸರ್ವರ್‌ಗಳ ಪ್ರೋಗ್ರಾಂ ಹೊಸದು ಮಾಡುವುದಿತ್ತು. ಅಂಥ ಕೆಲಸಕ್ಕೆ ನಮ್ಮ ಯಂತ್ರಗಳ ಸಂಪರ್ಕ ಸ್ವಲ್ಪ ಹೊತ್ತು ಕಡಿದುಹೋಗುತ್ತದೆ. ಗ್ರೆಗ್ ಇದ್ದಷ್ಟು ವರ್ಷ ಅದು ಯಾವಾಗ ಆಗುತ್ತಿತ್ತೋ ಯಾರ ಗಮನಕ್ಕೂ ಬರುತ್ತಿರಲಿಲ್ಲ. ಈ ಸಲ ಅವರ ಕೆಲಸ ವಹಿಸಿಕೊಂಡವರು ಕ್ಯಾಲೆಂಡರಿನಲ್ಲಿ ಖಾಲಿ ಕಂಡ ಮಂಗಳವಾರ ಬೆಳಿಗ್ಗೆ ಶುರುಮಾಡಿದರು. ಬೆಟ್ಟದಾಚೆಯ ಒಂದು ಆಸ್ಪತ್ರೆಯಲ್ಲಿ ವಾರದಲ್ಲೆಲ್ಲ ಅತಿ ಹೆಚ್ಚು ಸ್ಯಾಂಪಲ್ ಬರುವ ಹೊತ್ತು ಅದು. ರಿಪೋರ್ಟುಗಳು ಡಾಕ್ಟರುಗಳ ಪರದೆಗೆ ಹೋಗುವುದು ನಿಂತಿತು. ಅರ್ಧ ದಿನ ಅಲ್ಲಿನ ಲ್ಯಾಬಿನವರು ಕಾಗದದ ಮೇಲೆ ಬರೆದು, ವಾರ್ಡಿಂದ ವಾರ್ಡಿಗೆ ನಡೆದು ಕೊಟ್ಟರು. ರೋಗಿಗಳಿಗೆ ಏನೂ ಆಗಲಿಲ್ಲ; ಆ ಲ್ಯಾಬಿನ ಮುಖ್ಯಸ್ಥೆ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಈ ಸಲ ನಮ್ಮನ್ನು ಯಾಕೆ ಯಾರೂ ಕೇಳಲಿಲ್ಲ?"

ಕೇಳುವುದೇನು ಎಂದು ನಮಗೆ ಅರ್ಥವಾಗಲಿಲ್ಲ. ನಾಗರಾಜನ ಡೆಸ್ಕಿನ ಹತ್ತಿರ ಹೋಗಿ ವಿಚಾರಿಸಿದೆ.

"ಗ್ರೆಗ್ ಕೇಳ್ಕೊಂಡ್ ಮಾಡ್ತಿದ್ರು ಮೇಡಂ. ಅಪ್‌ಗ್ರೇಡ್‌ಗೆ ಮುಂಚೆ ಒಂದೊಂದು ಲ್ಯಾಬಿಗೂ ಫೋನ್ ಹಾಕೋರು. ನಿಮಗೆ ಯಾವಾಗ ರಶ್, ಯಾವಾಗ ಫ್ರೀ, ಅಂತ. ಎಷ್ಟೋ ಸಲ ಅವ್ರ ಮಕ್ಕಳ ಸುದ್ದೀನೂ ಮಾತಾಡೋರು."

"ನಿಮಗೆ ಗೊತ್ತಿತ್ತಾ ಇದು?"

"ಪಕ್ಕದ ಸೀಟಲ್ವಾ ಮೇಡಂ? ದಿನಾ ಕಿವಿಗೆ ಬೀಳ್ತಿತ್ತು."

"ನನಗೆ ಯಾಕ್ರೀ ಹೇಳ್ಲಿಲ್ಲ?"

ಅವನು ಮುಗ್ಧವಾಗಿ ನನ್ನ ಮುಖ ನೋಡಿದ. "ನೀವು ನನ್ ಕೆಲ್ಸ ಕೇಳಿದ್ರಿ, ಹೇಳ್ದೆ. ಅವ್ರದ್ದು ಕೇಳ್ಲಿಲ್ವಲ್ಲ ಮೇಡಂ."

ಆ ನಂತರ ನಮ್ಮ ವಿಧಾನ ಬದಲಾಯಿತು. ಟೋಟಲ್ ಎಂಬ ಕಾಲಮನ್ನು ಅಳಿಸಿದೆ. ತಮಗೆ ತಾವೇ ಅಂಕ ಹಾಕಿಕೊಳ್ಳುವುದು ನಿಂತಿತು. ಬದಲಿಗೆ, ನೀವು ಒಂದು ವಾರ ಬರದಿದ್ದರೆ ಹೊರಗಿನ ಯಾರಿಗೆ ತೊಂದರೆ, ಏನು ತೊಂದರೆ ಎಂದು ಕೇಳಿ ಬರೆದುಕೊಳ್ಳುವುದು ಬಂತು. ಉತ್ತರ ಕೇಳಲು ನಾನು ಅವರ ಸೀಟಿಗೇ ಹೋಗುತ್ತಿದ್ದೆ. ಐಟಿಯ ಪ್ರತಿಯೊಬ್ಬರೂ ವರ್ಷಕ್ಕೆ ಕೆಲವು ದಿನ ವೇರ್‌ಹೌಸಿನಲ್ಲೋ ಲ್ಯಾಬಿನಲ್ಲೋ ಕಳೆಯಬೇಕೆಂದಾಯಿತು. ಶ್ರೇಯಸ್ ಮೊದಲ ದಿನ ವೇರ್‌ಹೌಸಿನಿಂದ ಬಂದವನು, "ಮೇಡಂ, ಕಾಲೆಲ್ಲಾ ನೋವು. ಇದಕ್ಕೆ ನನಗೆ ನಾನೇ ಒಂದು ಕೊಡ್ತೀನಿ," ಎಂದ. ಅವನು ಪ್ರಾಮಾಣಿಕವಾಗಿ ಹಾಕಿಕೊಂಡ ಮೊದಲ ಅಂಕ ಅದೇ ಇರಬೇಕು. ಡಯಾನ್ ಅವರಿಗೆ ಬಣ್ಣವಿಲ್ಲದ ಶೀಟ್ ಹಿಡಿಸಲಿಲ್ಲ. ಆದರೂ ಬೇಡ ಎನ್ನಲಿಲ್ಲ.

ಆದರೆ ಇದೆಲ್ಲಕ್ಕಿಂತ ಮೊದಲು ಲ್ಯಾಬುಗಳ ಹೊತ್ತು ಗೊತ್ತುಗಳು ನಮಗೆ ಬೇಕಿದ್ದವು. ಅವು ಗ್ರೆಗ್ ಅವರ ತಲೆಯಲ್ಲಿದ್ದವು. ಫೋನ್ ಮಾಡಿದೆ. ತಾನು ಇನ್ನೂ ಕೆಲಸ ಹುಡುಕುತ್ತಿದ್ದೇನೆ, ಬಿಡುವಿದೆ ಎಂದರು. ಬಾಥೆಲ್‌ನಲ್ಲಿ ನದಿಯ ಹತ್ತಿರದ ಒಂದು ಕಾಫಿ ಅಂಗಡಿಗೆ ಬಂದರು. ಗಡ್ಡ ಸ್ವಲ್ಪ ಬೆಳೆದಿತ್ತು. ನಾನು ಬೇರೆ ಮಾತು ಶುರುವಾಗುವ ಮೊದಲೇ, "ಗ್ರೆಗ್, ನಿಮ್ಮ ಹೆಸರು ಕೊಟ್ಟವಳು ನಾನು," ಎಂದುಬಿಟ್ಟೆ.

"ಗೊತ್ತು. ಶೀಟ್ ನಿಮ್ಮದೇ ಅಲ್ವಾ," ಎಂದರು.

ನಾನು ತಂದಿದ್ದ ಪ್ಯಾಡ್ ತಮ್ಮ ಕಡೆಗೆ ಎಳೆದುಕೊಂಡು, ಯಾವ ಆಸ್ಪತ್ರೆ, ಯಾವ ವಾರ, ಎಷ್ಟು ಹೊತ್ತಿಗೆ, ಯಾರನ್ನು ಕೇಳಬೇಕು ಎಂದು ಸಾಲಾಗಿ ಬರೆಯತೊಡಗಿದರು. ಒಂದು ಹೆಸರಿನ ಮುಂದೆ, ಇವರ ತಾಯಿಗೆ ಹುಷಾರಿಲ್ಲ, ಮೊದಲು ಅದನ್ನು ವಿಚಾರಿಸಿ ಎಂದೂ ಬರೆದರು. ಎರಡು ಪುಟ ತುಂಬಿತು. ಬರೆಯುತ್ತಲೇ ಕೇಳಿದರು. "ನಾಗ್ ಮೊದಲು ಲಿಸ್ಟಿನಲ್ಲಿದ್ದ ಅಂತ ಯಾರೋ ಹೇಳಿದ್ರು. ಅವನು ಮಾಡೋದು ನಿಮಗೆ ಹೇಗೆ ಗೊತ್ತಾಯ್ತು?"

"ಕೆಳಗೆ ವೇರ್‌ಹೌಸಿಗೆ ಹೋಗಿ ನೋಡಿದೆ."

ಗ್ರೆಗ್ ತಲೆಯಾಡಿಸಿದರು. ಕೊನೆಯ ಸಾಲು ಬರೆದು ಮುಗಿಸಿ, ಪೆನ್ನನ್ನು ನನ್ನ ಕಡೆ ಸರಿಸಿದರು. "ವೇರ್‌ಹೌಸಿಗಿಂತ ನನ್ನ ಡೆಸ್ಕ್ ಹತ್ತಿರ ಇತ್ತು," ಎಂದರು.

ದನಿಯಲ್ಲಿ ಸಿಟ್ಟಿರಲಿಲ್ಲ. ಯಾಕೆ ಹೋಗಲಿಲ್ಲ ಎಂಬ ಉತ್ತರ ನನಗೆ ಗೊತ್ತಿತ್ತು. ನಾಗರಾಜನನ್ನು ಮೈಕ್ರೋವೇವ್ ಹತ್ತಿರ ನಿಂತು ಕನ್ನಡದಲ್ಲಿ ಕೇಳಬಹುದಿತ್ತು, ಅವನ ಮಗಳು ಯಾವ ಕ್ಲಾಸು ಎಂದು ನನಗೆ ತಿಳಿದಿತ್ತು. ಅದನ್ನು ಗ್ರೆಗ್ ಅವರ ಮುಖ ನೋಡಿಕೊಂಡು ಹೇಳಲು ನನ್ನಿಂದ ಆಗಲಿಲ್ಲ. ಎರಡು ಪುಟಗಳನ್ನೂ ಹರಿದು ಮಡಿಸಿ ಬ್ಯಾಗಿಗೆ ಹಾಕಿಕೊಂಡೆ, ಥ್ಯಾಂಕ್ಸ್ ಹೇಳಿದೆ, ಆಫೀಸಿಗೆ ಹೋಗಿ ಮೊದಲ ಲ್ಯಾಬಿಗೆ ಫೋನ್ ಮಾಡಿದೆ.